ಬೀಗಪ್ಪನ ಅರ್ಧ ಪಾಸ್‌ವರ್ಡ್

ನಮ್ಮ ದೊಡ್ಡಪ್ಪನಿಗೆ ಕಚೇರಿಯವರು ಇಟ್ಟಿದ್ದ ಅಡ್ಡಹೆಸರು ಬೀಗಪ್ಪ. ಬೈಯುವುದಕ್ಕೆಂದೇ ಇಟ್ಟ ಹೆಸರು ಅದು. ದೊಡ್ಡಪ್ಪ ಮಾತ್ರ ಅದನ್ನು ಬಿರುದಿನ ಹಾಗೆ ಮನೆಗೆ ಹೊತ್ತು ತಂದರು. "ಬೀಗ ಇದ್ರೆ ಮನೆ, ಇಲ್ದಿದ್ರೆ ಸಂತೆ" ಎಂದು ಊಟಕ್ಕೆ ಕೂತಾಗ ಹೇಳುತ್ತಿದ್ದರು. "ಸಂತೆಯಲ್ಲಾದ್ರೂ ಜನ ನಗ್ತಾ ಇರ್ತಾರೆ" ಎಂದು ದೊಡ್ಡಮ್ಮ ಬಡಿಸುತ್ತಲೇ ಉತ್ತರ ಕೊಡುತ್ತಿದ್ದರು.

ಅವರು ಕೆಲಸಕ್ಕಿದ್ದದ್ದು ಪಾರ್ಸಲ್ ಸಾಗಿಸುವ ಒಂದು ಕಂಪನಿಯ ಶಾಖೆಯಲ್ಲಿ. ಕೆಳಗೆ ಗೋದಾಮು. ಕಬ್ಬಿಣದ ಮೆಟ್ಟಿಲು ಹತ್ತಿದರೆ ಮೇಲೆ ಉದ್ದನೆಯ ಕೋಣೆ, ಗೋಡೆಗೆ ಒತ್ತಿ ಸಾಲಾಗಿ ಕಂಪ್ಯೂಟರುಗಳು. ಸೇರಿದಾಗ ಅವರು ಪಾರ್ಸಲ್ ತೂಗಿ ತೂಕ ಬರೆಯುವ ಗುಮಾಸ್ತರು. ಕಂಪ್ಯೂಟರ್ ಬಂದಾಗ ಉಳಿದವರು ಮುಟ್ಟಲು ಹೆದರಿದರಂತೆ. ದೊಡ್ಡಪ್ಪ ಅದರ ಜೊತೆ ಬಂದ ಪುಸ್ತಕವನ್ನು ಸಾಲಿನ ಕೆಳಗೆ ಸ್ಕೇಲ್ ಇಟ್ಟುಕೊಂಡು ಓದಿದರು. ಅರ್ಥವಾಗದ ಸಾಲನ್ನು ದಾಟಿ ಮುಂದೆ ಹೋಗಲಿಲ್ಲ. ಹಾಗೆ ಕಲಿತು ಆ ಕೋಣೆಯ ಯಂತ್ರಗಳಿಗೆಲ್ಲ ಮೇಲ್ವಿಚಾರಕರಾದರು.

ಮ್ಯಾನೇಜರಿಗೆ ದೊಡ್ಡಪ್ಪನನ್ನು ಕಂಡರೆ ಇಷ್ಟ. ಕಾರಣ, ಯಾರಿಗೂ ಕೂಡದು ಎಂದು ಹೇಳುವಾಗ ದೊಡ್ಡಪ್ಪನ ಮುಖದಲ್ಲಿ ಸಂಕೋಚ ಇರುತ್ತಿರಲಿಲ್ಲ. ಪರದೆಯ ಮೇಲೆ ಮಕ್ಕಳ ಫೋಟೋ ಹಾಕಿಕೊಳ್ಳುವುದು ಕೂಡದು. ಹಾಡು ಕೂಡದು. ಪೆನ್‌ಡ್ರೈವ್ ಚುಚ್ಚಿದರೆ ಯಂತ್ರ ಅದನ್ನು ಗುರುತೇ ಹಿಡಿಯಬಾರದು. ಮೌಸಿನ ಬಲಗಡೆಯ ಗುಂಡಿ ಒತ್ತಿದರೆ ಏನೂ ಆಗಬಾರದು. ಲೋಡಿಂಗ್ ಮೇಸ್ತ್ರಿ ಒಂದು ಸಲ ಎಲ್ಲರ ಎದುರಿಗೆ ಕೇಳಿದರಂತೆ, "ಬೀಗಪ್ಪೋರೆ, ಉಸಿರಾಡೋಕೆ ಯಾವ ಗುಂಡಿ ಒತ್ಬೇಕು?" ದೊಡ್ಡಪ್ಪ ತಲೆ ಎತ್ತದೆ, "ಅದಕ್ಕೆ ಮೇಲಿನವರ ಅನುಮತಿ ಬೇಕು" ಅಂದರು. ಅದು ತಮಾಷೆಯೋ ನಿಜವೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಆಮೇಲೆ ಕಂಪನಿ ಆ ಶಾಖೆಯನ್ನೇ ಮುಚ್ಚಿತು. ಕೆಲಸ ಕಳೆದುಕೊಂಡವರಿಗೆ ಅವರವರು ಬಳಸುತ್ತಿದ್ದ ಹಳೆಯ ಕಂಪ್ಯೂಟರನ್ನು ನೆನಪಿಗೆಂದು ಕೊಟ್ಟು ಕಳಿಸಿದರು. ಹೊಸದನ್ನು ಸಾಗಿಸುವುದೇ ಕಂಪನಿಯ ಕೆಲಸ, ಹಳೆಯದನ್ನು ಸಾಗಹಾಕುವುದೂ ಅವರಿಗೆ ಗೊತ್ತಿತ್ತು. ಮೇಸ್ತ್ರಿ ತಮ್ಮ ಪಾಲಿನದನ್ನು ಹಜಾರದಲ್ಲಿಟ್ಟು ಅದರ ಮೇಲೆ ಹೂಕುಂಡ ಇಟ್ಟಿದ್ದಾರೆ. ದೊಡ್ಡಪ್ಪ ತಮ್ಮದನ್ನು ಹೊದಿಕೆಯಲ್ಲಿ ಸುತ್ತಿ ತಂದು ಮುಂದಿನ ಕೋಣೆಯ ಕಿಟಕಿಯ ಪಕ್ಕ ಜೋಡಿಸಿದರು. ಧೂಳು ಕೂರದಂತೆ ದೊಡ್ಡಮ್ಮನ ಹಳೆಯ ದುಪಟ್ಟಾ ಹೊದಿಸಿ ಮುಸುಕು ಹಾಕಿದರು. ತಿಂಗಳುಗಟ್ಟಲೆ ಅದನ್ನು ಒರೆಸಿದ್ದೇ ಬಂತು, ಬಳಸಿದ್ದು ಕಡಿಮೆ.

ಅದು ಬೇಕಾದದ್ದು ಅಕ್ಕನಿಗೆ. ಅಕ್ಕ ಎಂದರೆ ದೊಡ್ಡಪ್ಪನ ಒಬ್ಬಳೇ ಮಗಳು. ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಅಲ್ಲಿ ಹುಡುಗಿಯರು ಕೂರುವ ಹಾಗಿಲ್ಲ, ಗಿರಾಕಿ ಇಲ್ಲದಾಗಲೂ ನಿಂತೇ ಇರಬೇಕು. ಸಂಜೆ ಬಂದು ಊದಿದ ಪಾದಗಳನ್ನು ಬಿಸಿನೀರಿನ ಬೋಗುಣಿಯಲ್ಲಿಟ್ಟು ಕೂತರೆ ಮಾತೇ ಬರುತ್ತಿರಲಿಲ್ಲ. ಅಂಥವಳಿಗೆ ಒಂದು ಕಡೆಯಿಂದ ಕರೆ ಬಂತು. ವೈದ್ಯರು ಹೇಳಿ ರೆಕಾರ್ಡ್ ಮಾಡಿದ್ದನ್ನು ಕೇಳಿಸಿಕೊಂಡು ಟೈಪ್ ಮಾಡುವ ಕೆಲಸ, ಮನೆಯಿಂದಲೇ ಮಾಡಬಹುದು. ಮುಂದಿನ ವಾರ ಪರೀಕ್ಷೆ, ಅದರ ಹಿಂದೆಯೇ ಸಂದರ್ಶನ. ಎರಡೂ ಕಂಪ್ಯೂಟರಿನಲ್ಲೇ ಆಗಬೇಕು, ಕ್ಯಾಮೆರಾ ಉದ್ದಕ್ಕೂ ತೆರೆದಿರಬೇಕು, ಬಾಗಿಲು ಹಾಕಿದ ಕೋಣೆಯಲ್ಲಿ ಅವಳೊಬ್ಬಳೇ ಇರಬೇಕು. ಫೋನಿನಲ್ಲಿ ಬಂದರೆ ಒಪ್ಪುವುದಿಲ್ಲ. ಜನ ಓಡಾಡುವ ಇಂಟರ್‌ನೆಟ್ ಅಂಗಡಿಯೂ ಆಗುವುದಿಲ್ಲ.

"ಅಪ್ಪನ ಕಂಪ್ಯೂಟರ್ ಇದೆಯಲ್ಲ!" ಎಂದು ಅಕ್ಕ ಮುಸುಕು ಎತ್ತಿದಳು. ಅವಳು ಅಷ್ಟು ಖುಷಿಯಾಗಿದ್ದದ್ದನ್ನು ನೋಡಿ ಬಹಳ ಕಾಲವಾಗಿತ್ತು.

ದೊಡ್ಡಪ್ಪ ಅಂಗಡಿಯಿಂದ ಒಂದು ಪುಟ್ಟ ಕ್ಯಾಮೆರಾ ತಂದು ಪರದೆಯ ನೆತ್ತಿಗೆ ಸಿಕ್ಕಿಸಿದರು. ಅಕ್ಕ ತಲೆ ಬಾಚಿಕೊಂಡು ಎದುರಿಗೆ ಕೂತಳು. ಪರದೆಯಲ್ಲಿ ಒಂದು ಕಪ್ಪು ಚೌಕ ಬಂತು, ಅದರ ಕೆಳಗೊಂದು ಬರಹ. ಅಕ್ಕ ಗಟ್ಟಿಯಾಗಿ ಓದಿದಳು. "ಈ ಸೆಟ್ಟಿಂಗ್ ನಿಮ್ಮ ಸಂಸ್ಥೆಯ ಹತೋಟಿಯಲ್ಲಿದೆ. ನಿಮ್ಮ ಅಡ್ಮಿನಿಸ್ಟ್ರೇಟರ್ ಅವರನ್ನು ಸಂಪರ್ಕಿಸಿ. ಯಾವ ಸಂಸ್ಥೆ ಅಪ್ಪಾ? ನಿನ್ನ ಆಫೀಸು ಮುಚ್ಚಿಹೋಯ್ತಲ್ಲ?"

"ಅಲ್ಲಿ ಮುಚ್ಚಿದ್ದಾರೆ, ನಮ್ಮನೇಲಿ ಇನ್ನೂ ತೆರೆದಿದೆ" ಎಂದು ದೊಡ್ಡಮ್ಮ ಅಡುಗೆಮನೆಯಿಂದ ಕೂಗಿದರು.

ದೊಡ್ಡಪ್ಪ ಗಾಬರಿಯಾಗಲಿಲ್ಲ. "ಏಳು, ನಾನು ಕೂರ್ತೀನಿ. ಪಾಲಿಸಿ ಎಡಿಟರ್ ತೆರೆದು ಒಂದು ಸಾಲು ಬದಲಾಯಿಸಿದ್ರೆ ಮುಗೀತು" ಎಂದರು. ಪಾಲಿಸಿ ಎಡಿಟರ್ ಎಂದರೆ ಯಂತ್ರದೊಳಗಿನ ಒಂದು ಕಿಟಕಿ. ಇದನ್ನು ಬಿಡು, ಅದನ್ನು ತಡೆ ಎಂದು ಯಂತ್ರಕ್ಕೆ ಅಪ್ಪಣೆ ಕೊಡುವುದು ಅಲ್ಲಿಂದ. ಹುಡುಕುವ ಜಾಗದಲ್ಲಿ ಅದರ ಹೆಸರು ಹೊಡೆದರು. ಅಂಥದ್ದು ಯಾವುದೂ ಇಲ್ಲ ಎಂದಿತು ಯಂತ್ರ. ಕಾಗುಣಿತ ತಪ್ಪಿರಬೇಕೆಂದು ಒಂದೊಂದೇ ಅಕ್ಷರ ನೋಡಿ ಮತ್ತೆ ಹೊಡೆದರು. ಇಲ್ಲ. ಅದು ಇರಬೇಕಾದ ಫೋಲ್ಡರಿಗೇ ಹೋಗಿ ನೋಡಿದರು. ಅಲ್ಲಿ ಅದರ ಅಕ್ಕಪಕ್ಕದವೆಲ್ಲ ಇದ್ದವು, ಅದೊಂದೇ ಇರಲಿಲ್ಲ.

ಆಗ ಅವರಿಗೆ ನೆನಪಾಯಿತು. ಆ ಉಪಕರಣವನ್ನು ತೆಗೆದವರು ಅವರೇ. ಕ್ಯಾಮೆರಾಗೆ ಬೀಗ ಹಾಕಿದ ದಿನವೇ, ಮುಂದೆ ಯಾರೂ ಆ ಬೀಗ ತೆಗೆಯದಿರಲೆಂದು, ಮ್ಯಾನೇಜರ್ ಹೇಳಿದ್ದಕ್ಕೆ ಕೋಣೆಯ ಅಷ್ಟೂ ಯಂತ್ರಗಳಿಂದ ಅದನ್ನು ಕಿತ್ತು ಹಾಕಿದ್ದರು. ತಮ್ಮದೊಂದನ್ನು ಬಿಡಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ. ಊರಿಗೊಂದು ನ್ಯಾಯ, ತನಗೊಂದು ನ್ಯಾಯ ಎಂದು ನಾಳೆ ಯಾರೂ ಬೊಟ್ಟು ಮಾಡಬಾರದೆಂದು ತಮ್ಮದರಿಂದಲೂ ತೆಗೆದಿದ್ದರು.

"ಎಲ್ಲರೂ ತಮ್ಮ ತಟ್ಟೆಗೆ ಒಂದು ಸೌಟು ಜಾಸ್ತಿ ಹಾಕ್ಕೊಳ್ತಾರೆ" ಎಂದರು ದೊಡ್ಡಮ್ಮ. "ಈ ಪುಣ್ಯಾತ್ಮ ತನ್ನ ತಟ್ಟೇನೂ ಕವುಚಿ ಹಾಕ್ಕೊಂಡು ಬಂದಿದ್ದಾರೆ."

"ಸರಿ ಹೋಗುತ್ತೆ ಇರೇ" ಎಂದರು ದೊಡ್ಡಪ್ಪ.

ಮರುದಿನ ಕಂಪ್ಯೂಟರ್ ತಯಾರಿಸಿದವರ ಸಹಾಯವಾಣಿಗೆ ಫೋನ್ ಮಾಡಿದರು. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು. ಕೋಣೆಯಲ್ಲಿದ್ದವರಿಗೆಲ್ಲ ಕೇಳುವಂತೆ ದೊಡ್ಡಪ್ಪ ಫೋನನ್ನು ಮೇಜಿನ ಮೇಲಿಟ್ಟಿದ್ದರು.

"ಸರ್, ಅದಕ್ಕೆ ನೀವು ನಿಮ್ಮ ಅಡ್ಮಿನಿಸ್ಟ್ರೇಟರ್‌ನ ಕೇಳ್ಬೇಕಾಗುತ್ತೆ."

"ಅಡ್ಮಿನಿಸ್ಟ್ರೇಟರ್ ನಾನೇ ಕಣಮ್ಮ."

"ಹಾಗಿದ್ರೆ ನೀವೇ ಬದಲಾಯಿಸಬಹುದು ಸರ್."

"ಬದಲಾಯಿಸೋ ಉಪಕರಣ ಕಾಣ್ತಿಲ್ಲ ಅಂತಲೇ ಫೋನ್ ಮಾಡಿದ್ದು."

"ಅದು ಯಾಕೆ ಕಾಣ್ತಿಲ್ಲ ಅಂತ ನಿಮ್ಮ ಅಡ್ಮಿನಿಸ್ಟ್ರೇಟರ್ ಹೇಳ್ತಾರೆ ಸರ್. ಇನ್ನೇನಾದ್ರೂ ಸಹಾಯ ಬೇಕಿತ್ತಾ?"

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ದೊಡ್ಡಮ್ಮನೂ ನಕ್ಕರು. ದೊಡ್ಡಪ್ಪ ಆ ಹುಡುಗಿಗೆ ಧನ್ಯವಾದ ಹೇಳಿ ಫೋನ್ ಇಟ್ಟರು.

ಆಮೇಲೆ ಕಂಪ್ಯೂಟರನ್ನು ಆಟೋದಲ್ಲಿಟ್ಟುಕೊಂಡು ರಿಪೇರಿ ಅಂಗಡಿಗೆ ಹೋದರು. ಅಕ್ಕನೂ ಜೊತೆಗಿದ್ದಳು. ಅಂಗಡಿಯವನು ಬಿಚ್ಚಿದ ಯಂತ್ರಗಳ ನಡುವೆ ಜಾಗ ಮಾಡಿ ಇದನ್ನಿಟ್ಟು, ಏನೇನೋ ಕೀಲಿ ಒತ್ತಿ ನೋಡಿ, ತಲೆ ಅಲ್ಲಾಡಿಸಿದ.

"ಯಾವನೋ ಮಹಾರಾಯ ಇದಕ್ಕೆ ಎಲ್ಲಾ ಕಡೆಯಿಂದ ಬೀಗ ಜಡಿದುಬಿಟ್ಟಿದ್ದಾನೆ ಸಾರ್. ಎಲ್ಲಾ ಅಳಿಸಿ ಹೊಸದಾಗಿ ಹಾಕೋಣ ಅಂದ್ರೆ, ಶುರುವಾಗೋಕೆ ಮುಂಚೆನೇ ಪಾಸ್‌ವರ್ಡ್ ಕೇಳ್ತಿದೆ. ಡಿಸ್ಕ್ ಬದಲಾಯಿಸಿದ್ರೂ ಇದೇ ಹಾಡು. ಇಷ್ಟು ಗಟ್ಟಿ ಕೆಲಸ ನಾನು ಬ್ಯಾಂಕಿನ ಕಂಪ್ಯೂಟರಲ್ಲೂ ನೋಡಿಲ್ಲ. ಯಾರ್ ಸಾರ್ ಅವನು?"

ಹೊಗಳಿಕೆಗೆ ಕಾದು ಕೂತ ಮನುಷ್ಯ ದೊಡ್ಡಪ್ಪ. ಆದರೆ ಆಗ, "ಕಂಪನಿಯವರು" ಎಂದರು.

"ಪಾಸ್‌ವರ್ಡ್ ಏನಾದ್ರೂ ಗೊತ್ತಾ?"

"ಅರ್ಧ ಗೊತ್ತು."

ಅಂಗಡಿಯವನು ನಕ್ಕ. ದೊಡ್ಡಪ್ಪ ನಗದಿದ್ದದ್ದನ್ನು ನೋಡಿ ನಿಲ್ಲಿಸಿದ. "ಅರ್ಧ ಗೊತ್ತಿರೋದೂ ಒಂದೇ, ಗೊತ್ತಿಲ್ದೇ ಇರೋದೂ ಒಂದೇ ಸಾರ್. ಇದಕ್ಕೆ ಸುರಿಯೋ ದುಡ್ಡಿಗೆ ಹೊಸದೇ ಬರುತ್ತೆ." ಹೊಸದು ತರುವ ಸ್ಥಿತಿಯಲ್ಲಿ ಅವರು ಇರಲಿಲ್ಲ.

ವಾಪಸು ಬರುವಾಗ ಆಟೋದಲ್ಲಿ ಅಕ್ಕ ಕೇಳಿದಳು, "ಅರ್ಧ ಅಂದ್ರೆ ಏನಪ್ಪಾ?"

ಅದು ಆ ಕಚೇರಿಯ ಪದ್ಧತಿ. ಮ್ಯಾನೇಜರ್ ಯಾರನ್ನೂ ನಂಬುತ್ತಿರಲಿಲ್ಲ, ದೊಡ್ಡಪ್ಪನನ್ನೂ. ಯಂತ್ರಗಳ ಹಿಡಿತ ಒಬ್ಬನ ಕೈಯಲ್ಲೇ ಇರಬಾರದೆಂದು ಪಾಸ್‌ವರ್ಡನ್ನು ಎರಡು ಭಾಗ ಮಾಡಿಸಿದ್ದರು. ಮೊದಲ ಅರ್ಧ ದೊಡ್ಡಪ್ಪನಿಗೆ ಗೊತ್ತು, ಎರಡನೆಯ ಅರ್ಧ ಲೆಕ್ಕಪತ್ರ ನೋಡುವ ಮೇಡಂಗೆ ಗೊತ್ತು. ಯಾವುದೇ ಬದಲಾವಣೆ ಬೇಕಾದರೂ ಇಬ್ಬರೂ ಬರಬೇಕು. ಇವರು ತಮ್ಮ ಅರ್ಧ ಒತ್ತುವಾಗ ಮೇಡಂ ಗೋಡೆಯ ಕಡೆ ನೋಡುತ್ತಿದ್ದರು. ಮೇಡಂ ಒತ್ತುವಾಗ ಇವರು ಕಿಟಕಿಯ ಕಡೆ ತಿರುಗುತ್ತಿದ್ದರು. ವರ್ಷಗಟ್ಟಲೆ ಹಾಗೇ ನಡೆಯಿತು. ಒಂದು ಸಲವೂ ದೊಡ್ಡಪ್ಪ ಓರೆಗಣ್ಣಿನಿಂದ ನೋಡಿದವರಲ್ಲ.

"ಹಾಗಾದ್ರೆ ಆ ಮೇಡಂನ ಕೇಳಿದ್ರೆ ಆಯ್ತಲ್ಲ!" ಎಂದಳು ಅಕ್ಕ. "ಇಷ್ಟು ದಿನ ಯಾಕೆ ಸುಮ್ನಿದ್ದೆ? ಎಲ್ಲಿದೆ ಅವರ ಮನೆ?"

"ನೋಡೋಣ" ಎಂದರು ದೊಡ್ಡಪ್ಪ.

ಅವರು ಯಾಕೆ ಸುಮ್ಮನಿದ್ದರು ಎನ್ನುವುದು ನಮಗೆಲ್ಲ ಆಮೇಲೆ ತಿಳಿಯಿತು. ಲೆಕ್ಕದ ಮೇಡಂಗೆ ಹಾಸಿಗೆ ಹಿಡಿದ ತಾಯಿ ಇದ್ದರು, ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಮೇಡಂ ತಾಯಿಯ ತಲೆಯ ಹತ್ತಿರ ಒಂದು ಫೋನ್ ನಿಲ್ಲಿಸಿ ಬರುತ್ತಿದ್ದರು. ಊಟದ ಬಿಡುವಿನಲ್ಲಿ ಕಚೇರಿಯ ಕಂಪ್ಯೂಟರಿನ ಕ್ಯಾಮೆರಾದಲ್ಲಿ ತಾಯಿಗೆ ಮುಖ ತೋರಿಸಿ, ನೀರು ಕುಡಿದೆಯಾ, ಮಗ್ಗುಲು ಬದಲಿಸಿದೆಯಾ ಎಂದು ಕೇಳಿ ಮುಗಿಸುತ್ತಿದ್ದರು. ಯಾವ ಯಂತ್ರದ ಕ್ಯಾಮೆರಾ ಯಾವಾಗ ತೆರೆಯಿತು ಎನ್ನುವುದು ದೊಡ್ಡಪ್ಪನಿಗೆ ಕಾಣುತ್ತಿತ್ತು. ಅವರು ಮ್ಯಾನೇಜರಿಗೆ ವರದಿ ಕೊಟ್ಟರು. ಮ್ಯಾನೇಜರ್ ಅಷ್ಟೂ ಯಂತ್ರಗಳ ಕ್ಯಾಮೆರಾ ಮುಚ್ಚಲು ಹೇಳಿದರು. ಅದಕ್ಕೂ ಎರಡು ಅರ್ಧ ಬೇಕಲ್ಲ? ಆ ಸಂಜೆ ದೊಡ್ಡಪ್ಪ ಮೇಡಂ ಅವರನ್ನೇ ಕರೆದು ಅವರ ಅರ್ಧವನ್ನು ಒತ್ತಿಸಿದರು. ಯಾತಕ್ಕೆಂದು ಮೇಡಂಗೆ ತಿಳಿಯದು. ಮರುದಿನ ಬೆಳಿಗ್ಗೆ ಅವರನ್ನು ಕೆಲಸದಿಂದ ತೆಗೆದರು. ಅವರ ಅರ್ಧ ಅವರ ಜೊತೆಗೇ ಮೆಟ್ಟಿಲಿಳಿದು ಹೋಯಿತು. ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಹಾಕುವ ಬೀಗವೆಲ್ಲ ಹಾಕಿ ಆಗಿತ್ತು. ತೆರೆಯುವ ಯೋಚನೆ ಆ ಕಚೇರಿಯಲ್ಲಿ ಯಾರಿಗೂ ಇರಲಿಲ್ಲ.

ಪರೀಕ್ಷೆ ಹತ್ತಿರ ಬಂತು. ದೊಡ್ಡಪ್ಪ ಇನ್ನೂ ಇಂಟರ್‌ನೆಟ್ಟಿನಲ್ಲಿ ಯಾರ್ಯಾರೋ ಬರೆದ ಉಪಾಯಗಳನ್ನು ಓದಿ ಒಂದೊಂದಾಗಿ ಮಾಡಿ ನೋಡುತ್ತಿದ್ದರು. ಪ್ರತಿಯೊಂದೂ ಕೊನೆಗೆ ಅದೇ ಪಾಸ್‌ವರ್ಡ್ ಕೇಳುವ ಚೌಕಕ್ಕೆ ಬಂದು ನಿಲ್ಲುತ್ತಿತ್ತು. ಅಕ್ಕ ಅಂಗಡಿಯಿಂದ ಬಂದು ಬಾಗಿಲಲ್ಲೇ ಕೇಳುತ್ತಿದ್ದಳು, "ಆಯ್ತಾ?" ಆಮೇಲೆ ಕೇಳುವುದನ್ನೂ ಬಿಟ್ಟು ಸುಮ್ಮನೆ ಮುಖ ನೋಡುತ್ತಿದ್ದಳು. "ಆ ಹೆಂಗಸನ್ನ ಹೋಗಿ ಕೇಳೋದಕ್ಕೆ ನಿಮಗೆ ಏನು ದಾಡಿ?" ಎಂದು ದೊಡ್ಡಮ್ಮ ರೇಗಿದರು. ಕೊನೆಗೆ ದೊಡ್ಡಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟರು.

ಮೇಡಂ ಮನೆ ಅಷ್ಟು ದೂರವೇನಿಲ್ಲ, ಮಾರುಕಟ್ಟೆಯ ಹಿಂದಿನ ಬೀದಿ. ಈಗ ಸಣ್ಣಪುಟ್ಟ ಅಂಗಡಿಗಳ ಲೆಕ್ಕವನ್ನು ಮನೆಯಲ್ಲೇ ಕೂತು ಬರೆದುಕೊಡುತ್ತಾರೆ. ಬಾಗಿಲು ತೆರೆದವರು ಗುರುತು ಹಿಡಿದರು, ಕೂರಿ ಎನ್ನಲಿಲ್ಲ. ದೊಡ್ಡಪ್ಪ ಹೊಸ್ತಿಲಾಚೆ ನಿಂತೇ ಎಲ್ಲವನ್ನೂ ಕ್ರಮವಾಗಿ ಹೇಳಿದರು, ಕ್ಯಾಮೆರಾ, ಕಾಣದ ಉಪಕರಣ, ಮಗಳ ಪರೀಕ್ಷೆ.

"ಅಂದ್ರೆ ನನ್ನ ಅರ್ಧ ಬೇಕು" ಎಂದರು ಮೇಡಂ.

"ಹೌದು ಮೇಡಂ. ನೀವು ಹೇಳೋದೂ ಬೇಡ. ಮನೆಗೆ ಬಂದು ಒತ್ತಿದ್ರೆ ಸಾಕು. ನಾನು ಆ ಕಡೆ ತಿರುಗಿ ನಿಲ್ತೀನಿ."

ಮೇಡಂ ನಕ್ಕರು. "ಇನ್ನೂ ತಿರುಗಿ ನಿಲ್ತೀರಾ ಸಾರ್? ಮುಖ ತಿರುಗಿಸೋದರಲ್ಲಿ ನಿಮ್ಮನ್ನ ಮೀರಿಸೋರು ಹುಟ್ಟಿಲ್ಲ ಬಿಡಿ. ಆ ಸಂಜೆ ನನ್ನ ಕೈಯಲ್ಲೇ ಒತ್ತಿಸಿದ್ರಲ್ಲ, ಏನ್ ಸಾರ್ ಇವತ್ತು ಅಂತ ಕೇಳಿದೆ. ಏನು ಹೇಳಿದ್ರಿ ನೆನಪಿದ್ಯಾ?"

"ಸಣ್ಣ ಬದಲಾವಣೆ ಅಂದೆ."

"ಹ್ಞಾ. ಸಣ್ಣ ಬದಲಾವಣೆ" ಎಂದರು ಮೇಡಂ. "ಮರೆತುಹೋಗಿದೆ ಅಂತ ಹೇಳಿ ನಿಮ್ಮನ್ನ ಕಳಿಸಿಬಿಡಬಹುದು. ಮರೆತಿಲ್ಲ. ಆದ್ರೆ ಕೊಡಲ್ಲ. ಆ ಯಂತ್ರದ ಮುಂದೆ ಇನ್ನೊಂದು ಸಲ ನಿಮ್ಮ ಪಕ್ಕ ನಾನು ನಿಲ್ಲಲ್ಲ."

"ಮಗಳ ಭವಿಷ್ಯ ಮೇಡಂ. ಅವಳೇನು ತಪ್ಪು ಮಾಡಿದ್ದಾಳೆ?"

"ನಮ್ಮಮ್ಮ ಏನು ತಪ್ಪು ಮಾಡಿದ್ರು?" ಎಂದರು ಮೇಡಂ. "ಕೆಲಸ ಹೋದ ಮೇಲೆ ಇಡೀ ದಿನ ಅವರ ಪಕ್ಕದಲ್ಲೇ ಇದ್ದೆ, ನೀವು ಮಾಡಿದ ಉಪಕಾರ. ಔಷಧಿ ತರೋಕೆ ಮಾತ್ರ ಆಗ್ತಿರಲಿಲ್ಲ. ಹೋದ ವರ್ಷ ಹೋದ್ರು." ಆಮೇಲೆ ಒಳಗಿನ ಕೋಣೆಯ ಕಡೆ ಕೈ ತೋರಿಸಿದರು. "ಅಲ್ಲಿ ನನ್ನ ಕಂಪ್ಯೂಟರ್ ಇದೆ, ಕ್ಯಾಮೆರಾನೂ ಇದೆ. ಬಾಗಿಲು ಹಾಕ್ಕೊಂಡು ಕೂತ್ರೆ ಯಾರೂ ಬರಲ್ಲ. ನಿಮ್ಮ ಮಗಳು ಇಲ್ಲೇ ಬಂದು ಪರೀಕ್ಷೆ ಬರೀಲಿ. ಆದ್ರೆ ಮೊದಲು, ನನ್ನ ಕೆಲಸ ಹೇಗೆ ಹೋಯ್ತು ಅಂತ ನೀವೇ ಅವಳಿಗೆ ಹೇಳ್ಬೇಕು. ಕೇಳಿದ ಮೇಲೂ ಬರ್ತೀನಿ ಅಂದ್ರೆ ಬರಲಿ. ಹೇಳದೆ ಕಳಿಸಿದ್ರೆ ನಾನೇ ಹೇಳ್ತೀನಿ."

ಮನೆಗೆ ಬಂದ ದೊಡ್ಡಪ್ಪ ನೀರು ಕೇಳಿ ಕುಡಿದರು. ಅಕ್ಕ ಬೋಗುಣಿಯಲ್ಲಿ ಕಾಲಿಟ್ಟು ಕೂತಿದ್ದಳು. ಅವಳ ಎದುರಿಗೆ ಕುರ್ಚಿ ಎಳೆದುಕೊಂಡು ಕೂತು ಹೇಳಲು ಶುರುಮಾಡಿದರು. ಮೇಲಿನವರ ಸೂಚನೆ ಎಂದರು, ಕಂಪನಿಯ ಆಸ್ತಿ ಎಂದರು, ಸ್ವಂತ ಕೆಲಸಕ್ಕೆ ಬಳಸಬಾರದೆಂಬ ನಿಯಮ ಎಂದರು. ಆ ಮಾತುಗಳ ನಡುವೆಯೇ ನಡೆದದ್ದೂ ಹೊರಗೆ ಬಂತು. ಏನನ್ನೂ ಮುಚ್ಚಿಡಲಿಲ್ಲ. ದೊಡ್ಡಮ್ಮ ಕೈಯಲ್ಲಿದ್ದ ಬಟ್ಟೆ ಮಡಿಸುವುದನ್ನು ನಿಲ್ಲಿಸಿದರು.

ಅಕ್ಕ ಕೊನೆಯವರೆಗೂ ಕೇಳಿದಳು. "ಅವರ ಅಮ್ಮ ಹಾಸಿಗೆ ಹಿಡಿದಿದ್ದಾರೆ ಅಂತ ನಿನಗೆ ಗೊತ್ತಿತ್ತಾ ಅಪ್ಪಾ?"

"ಗೊತ್ತಿತ್ತು."

"ವರದಿಯಲ್ಲಿ ಬರೆದ್ಯಾ ಅದನ್ನ?"

"ಅದು ವರದಿಗೆ ಸಂಬಂಧಪಟ್ಟದ್ದಲ್ಲ."

"ಹೋಗಿ ಮ್ಯಾನೇಜರಿಗೆ ಹೇಳೋಕೆ ಮುಂಚೆ, ಮೇಡಂ, ಇದು ನನಗೆ ಕಾಣ್ತಾ ಇದೆ, ನಿಲ್ಲಿಸಿಬಿಡಿ ಅಂತ ಅವರಿಗೇ ಒಂದು ಮಾತು ಹೇಳ್ಬಹುದಿತ್ತಲ್ಲ?"

ದೊಡ್ಡಪ್ಪ ನಿಜವಾಗಿಯೂ ಯೋಚಿಸಿದರು. "ಅದು ನನಗೆ ಹೊಳೀಲೇ ಇಲ್ಲ" ಎಂದರು.

ಅವರು ಸುಳ್ಳು ಹೇಳಿದ್ದರೆ ಅಕ್ಕನಿಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ. ಬೋಗುಣಿಯಿಂದ ಕಾಲು ತೆಗೆದು, ಒರೆಸಿಕೊಳ್ಳದೆ, ನೆಲದ ಮೇಲೆ ಒದ್ದೆ ಹೆಜ್ಜೆ ಇಡುತ್ತಾ ಒಳಗೆ ಹೋದಳು.

ಪರೀಕ್ಷೆಯ ದಿನ ಅವಳೊಬ್ಬಳೇ ಮೇಡಂ ಮನೆಗೆ ಹೋದಳು. ದೊಡ್ಡಪ್ಪ ಬೀದಿಯ ತಿರುವಿನವರೆಗೂ ಬರುತ್ತೇನೆಂದರು. "ಬೇಡ, ನೀವು ಮನೇಲಿರಿ" ಎಂದಳು. ಹುಟ್ಟಿದಾಗಿನಿಂದ ಅಪ್ಪನನ್ನು ನೀನು ಎನ್ನುತ್ತಿದ್ದವಳು ಆ ದಿನದಿಂದ ನೀವು ಎನ್ನತೊಡಗಿದಳು. ಹೊರಗಿನವರು ಕೇಳಿದರೆ ಎಷ್ಟು ಗೌರವ ಎಂದುಕೊಳ್ಳಬೇಕು, ಹಾಗೆ.

ಕೆಲಸ ಸಿಕ್ಕಿತು. ಮನೆಯಿಂದಲೇ ಮಾಡುವ ಕೆಲಸ, ಆದರೆ ಅವಳು ಮಾಡುವುದು ಮೇಡಂ ಮನೆಯಿಂದ. ಕೆಲಸ ಮಾಡುವಾಗ ಕ್ಯಾಮೆರಾ ತೆರೆದಿಡಬೇಕೆಂಬುದು ಕೆಲಸ ಕೊಟ್ಟವರ ನಿಯಮ. ಮೇಡಂ ತಮ್ಮ ತಾಯಿ ಮಲಗುತ್ತಿದ್ದ ಕೋಣೆಯ ಮಂಚ ತೆಗೆಸಿ ಅಲ್ಲಿ ಅವಳಿಗೆ ಮೇಜು ಹಾಕಿಕೊಟ್ಟರು. ಮೊದಲ ಸಲ ಕೂತು ಮಾಡುವ ಕೆಲಸ. ಸಂಜೆ ಬರುವಾಗ ಅವಳ ಪಾದ ಊದಿರುವುದಿಲ್ಲ. ದೊಡ್ಡಮ್ಮ ಇದನ್ನು ನೋಡಿ ಸಂತೋಷಪಟ್ಟರು. ಗಂಡನ ಎದುರಿಗೆ ಮಾತ್ರ ಆ ಸಂತೋಷವನ್ನು ತೋರಿಸುವುದಿಲ್ಲ. ಯಾಕೆ ತೋರಿಸುವುದಿಲ್ಲ ಎಂದು ದೊಡ್ಡಪ್ಪನೂ ಕೇಳುವುದಿಲ್ಲ.

ದೊಡ್ಡಪ್ಪ ಈಗಲೂ ಪಾಸ್‌ವರ್ಡ್ ಇಲ್ಲದೆ ಆ ಉಪಕರಣವನ್ನು ವಾಪಸು ತರುವ ದಾರಿ ಹುಡುಕುತ್ತಾರೆ. ಬೆಳಿಗ್ಗೆ ಮುಸುಕು ತೆಗೆದು ಕೂತರೆ ಊಟದ ಹೊತ್ತಿಗೆ ಏಳುತ್ತಾರೆ. "ಇವತ್ತು ಒಂದು ಹೊಸ ದಾರಿ ಸಿಕ್ಕಿದೆ ಕಣೇ" ಎಂದು ಒಮ್ಮೊಮ್ಮೆ ಹೇಳುತ್ತಾರೆ. "ಮೊದಲು ಸ್ನಾನ ಮಾಡಿ" ಎಂದು ದೊಡ್ಡಮ್ಮ ಟವೆಲ್ ಎಸೆಯುತ್ತಾರೆ. ಅದು ಸಿಕ್ಕಿ ಕ್ಯಾಮೆರಾ ತೆರೆದರೆ ಮಗಳು ಮನೆಯಲ್ಲೇ ಕೂತು ಕೆಲಸ ಮಾಡಬಹುದೆಂದು ದೊಡ್ಡಪ್ಪನ ಲೆಕ್ಕ.

ಒಂದು ದಿನ ಅಕ್ಕ ಊಟದ ಡಬ್ಬಿ ಮರೆತು ಹೋಗಿದ್ದಳು. ದೊಡ್ಡಪ್ಪ ನಾನು ಕೊಟ್ಟು ಬರ್ತೀನಿ ಎಂದು ತೆಗೆದುಕೊಂಡು ಹೋದರು. ಬಾಗಿಲು ತೆರೆದದ್ದು ಮೇಡಂ. ಒಳಗಿನಿಂದ ಅಕ್ಕ ಟೈಪ್ ಮಾಡುವ ಸದ್ದು ಕೇಳುತ್ತಿತ್ತಂತೆ, ಬಹಳ ವೇಗವಾಗಿ, ನಿಲ್ಲದೆ. ಮೇಡಂ ಕೈ ಚಾಚಿದರು. ದೊಡ್ಡಪ್ಪ ಡಬ್ಬಿ ಕೊಟ್ಟರು.

"ಅವಳನ್ನ ಕರೀಲಾ?" ಎಂದು ಕೇಳಿದರಂತೆ ಮೇಡಂ.

"ಬೇಡ ಬಿಡಿ, ಕೆಲಸದಲ್ಲಿದ್ದಾಳೆ" ಎಂದು ದೊಡ್ಡಪ್ಪ ಹೇಳಿದರು. ಮೇಡಂ ಒತ್ತಾಯ ಮಾಡಲಿಲ್ಲ. ಬಾಗಿಲು ಹಾಕಿಕೊಂಡರು.

ಸಂಜೆ ಅಕ್ಕ ಖಾಲಿ ಡಬ್ಬಿಯನ್ನು ತೊಳೆಯಲು ಹಾಕಿ, "ನಾಳೆಯಿಂದ ನೆನಪಿಟ್ಟು ನಾನೇ ತಗೊಂಡು ಹೋಗ್ತೀನಿ. ನೀವು ಬರೋದೇನೂ ಬೇಡ" ಎಂದಳು. ಅವತ್ತಿನಿಂದ ದೊಡ್ಡಮ್ಮ ಡಬ್ಬಿಯನ್ನು ಅವಳ ಚೀಲದೊಳಗೇ ಇಟ್ಟು ಕಳಿಸುತ್ತಾರೆ.